ಸೌದೆ ಬಾಯ್ಲರ್ ಜತೆಗೆ ಗೀಸರ್: ಕೊಳ್ಳುವ ಮುನ್ನ ನಡುವಿನ ಪೈಪು ನೋಡಿ

ಅಡಿಕೆ ತೋಟದ ಮನೆಗೆ ಉರುವಲಿನ ಬರವಿಲ್ಲ. ಸುಲಿದ ಅಡಿಕೆಯ ಸಿಪ್ಪೆ, ತೆಂಗಿನ ಗರಟೆ, ಒಣ ಸೋಗೆ, ಗಾಳಿಗೆ ಮುರಿದು ಬಿದ್ದ ರೆಂಬೆ, ಎಲ್ಲವೂ ಪುಕ್ಕಟೆ. ಬರವಿರುವುದು ಬೆಳಗಿನ ಜಾವ ಒಲೆಯ ಮುಂದೆ ಕೂರುವವರಿಗೆ. ಹೀಗಾಗಿ ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು ಕಡೆಯ ಹೊಸ ಮನೆಗಳಲ್ಲಿ ಹೊರಗೆ ಸೌದೆ ಬಾಯ್ಲರ್, ಒಳಗೆ ಕರೆಂಟಿನ ಗೀಸರ್ ಎರಡೂ ಇರುತ್ತವೆ. ಎರಡಕ್ಕೂ ಬೇರೆ ಬೇರೆ ನಲ್ಲಿ ಇಡುವ ಬದಲು ಬಾಯ್ಲರಿನ ಬಿಸಿನೀರನ್ನೇ ಗೀಸರಿನ ತಣ್ಣೀರು ಬಾಯಿಗೆ ಕೊಟ್ಟುಬಿಡುವ ಜೋಡಣೆಯನ್ನು ಇಲ್ಲಿ ತೂಗಿ ನೋಡಿದ್ದೇವೆ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವ 100 ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಬಾಯ್ಲರ್, ಅದಕ್ಕೆ 15 ಲೀಟರಿನ, 2 ಕಿಲೋವ್ಯಾಟಿನ ಸ್ಟೋರೇಜ್ ಗೀಸರ್. ಯಾವ ಕಂಪನಿಯದು ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಬಾಯ್ಲರ್ ಪಾಸು, ಗೀಸರ್ ಪಾಸು, ಇವೆರಡರ ನಡುವೆ ಸಾಮಾನ್ಯವಾಗಿ ಹಾಕಿಕೊಡುವ ಪೈಪಿನ ಕೆಲಸ ನಪಾಸು.

ಕೆಲಸ ಮಾಡುವ ಬಗೆ ಸರಳ. ಬಾಯ್ಲರಿನಿಂದ ಬರುವ ನೀರು ಸಾಕಷ್ಟು ಬಿಸಿಯಿದ್ದರೆ ಗೀಸರಿನ ಥರ್ಮೋಸ್ಟಾಟ್ ಕಾಯಿಲಿಗೆ ಕರೆಂಟ್ ಬಿಡುವುದೇ ಇಲ್ಲ. ಉಗುರುಬೆಚ್ಚಗೆ ಬಂದರೆ ಕೊರತೆಯಷ್ಟನ್ನು ಮಾತ್ರ ತುಂಬಿಕೊಡುತ್ತದೆ. ಒಲೆ ಹೊತ್ತಿಸದ ದಿನ ಮಾಮೂಲಿ ಗೀಸರಿನಂತೆ ದುಡಿಯುತ್ತದೆ. ಯಾವ ನಲ್ಲಿ ತಿರುಗಿಸಬೇಕು ಎಂದು ಮನೆಗೆ ಬಂದ ನೆಂಟರಿಗೆ ವಿವರಿಸುವ ಗೋಜಿಲ್ಲ.

ಉಳಿತಾಯದ ಲೆಕ್ಕ ಹೀಗಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ವ್ಯಾಟ್-ಗಂಟೆ ಬೇಕು. ಐದು ಜನರ ಮನೆ, ತಲೆಗೆ 25 ಲೀಟರ್ ಹದ ಮಾಡಿದ 40 ಡಿಗ್ರಿ ನೀರು, ಮಳೆಗಾಲದ ಬಾವಿ ನೀರು 22 ಡಿಗ್ರಿ ಎಂದು ಹಿಡಿದರೆ ದಿನಕ್ಕೆ 2.6 ಯೂನಿಟ್, ತಿಂಗಳಿಗೆ ಹೆಚ್ಚೂಕಮ್ಮಿ 80 ಯೂನಿಟ್. ಬಾಯ್ಲರ್ ದಿನವೂ ಉರಿದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ. ಸಮಯದ ಲಾಭವೂ ಇದೆ: 15 ಲೀಟರನ್ನು 22ರಿಂದ 60 ಡಿಗ್ರಿಗೆ ತರಲು ಗೀಸರಿಗೆ 20 ನಿಮಿಷ ಬೇಕು, 45 ಡಿಗ್ರಿಯ ನೀರು ಕೊಟ್ಟರೆ 8 ನಿಮಿಷ ಸಾಕು. ಉರುವಲಿನ ಕಡೆ, 100 ಲೀಟರನ್ನು 65 ಡಿಗ್ರಿಗೆ ಏರಿಸಲು ಚೆನ್ನಾಗಿ ಒಣಗಿದ ಸೌದೆ ಮೂರರಿಂದ ಮೂರೂವರೆ ಕೆ.ಜಿ., ಮುಕ್ಕಾಲು ಗಂಟೆ. ಅಡಿಕೆ ಸಿಪ್ಪೆಯೂ ತೂಕಕ್ಕೆ ತೂಕ ಹೆಚ್ಚುಕಡಿಮೆ ಅಷ್ಟೇ ಶಾಖ ಕೊಡುತ್ತದೆ, ಆದರೆ ಹಗುರ. ಬುಟ್ಟಿಗಟ್ಟಲೆ ತುರುಕುತ್ತಲೇ ಇರಬೇಕು. ಸಿಪ್ಪೆಯನ್ನೇ ನೆಚ್ಚುವವರು ಒಲೆಯ ಬಾಯಿ ಕನಿಷ್ಠ 20 ಸೆಂ.ಮೀ. ಅಗಲವಿರುವ ಬಾಯ್ಲರನ್ನೇ ಮಾಡಿಸಿ.

ಬಾಯ್ಲರಿನ ಹೊಳಪು ನೋಡಿ ಮರುಳಾಗಬೇಡಿ, ತಗಡಿನ ದಪ್ಪ ಕೇಳಿ. ಹಳೆಯ ಹಂಡೆಗೆ ಬಾಯಿ ತೆರೆದಿರುತ್ತಿತ್ತು, ಒತ್ತಡದ ಮಾತೇ ಇರಲಿಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ನೇರ ನೀರು ತುಂಬುವ ಬಾಯ್ಲರಿನ ಕಥೆ ಬೇರೆ. ಟ್ಯಾಂಕಿನ ನೀರು ಬಾಯ್ಲರಿಗಿಂತ 5 ಮೀಟರ್ ಮೇಲಿದ್ದರೆ 45 ಸೆಂ.ಮೀ. ವ್ಯಾಸದ ಚಪ್ಪಟೆ ಮುಚ್ಚಳವನ್ನು ಒಳಗಿನಿಂದ ನೂಕುವ ಬಲ ಸುಮಾರು 800 ಕೆ.ಜಿ. ಭಾರಕ್ಕೆ ಸಮ. 18 ಗೇಜಿನ ತಗಡು (ಗೇಜು ಹೆಚ್ಚಾದಷ್ಟೂ ತೆಳು) ಆ ಒತ್ತಡಕ್ಕೆ ದಿನವೂ ಉಬ್ಬಿ ಇಳಿದು ಕೊನೆಗೆ ವೆಲ್ಡಿಂಗ್ ಅಂಚಿನಲ್ಲಿ ಸೀಳುತ್ತದೆ. 16 ಗೇಜು ಇರಲಿ, ಮೇಲಿನ ಮುಚ್ಚಳ ತಟ್ಟೆ ಬೋರಲು ಹಾಕಿದಂತೆ ಉಬ್ಬಿರಲಿ. ಶಾಪಿನಲ್ಲೇ ಕೈಪಂಪಿನಿಂದ ಚದರ ಸೆಂ.ಮೀ.ಗೆ 2 ಕೆ.ಜಿ. ಒತ್ತಡ ಕೊಟ್ಟು ಅರ್ಧ ಗಂಟೆ ಬಿಟ್ಟು ತೋರಿಸಲು ಹೇಳಿ. ಒಳ್ಳೆಯ ಕೆಲಸಗಾರ ಬೇಸರಿಸುವುದಿಲ್ಲ.

ಇನ್ನು ಏರ್ ಪೈಪು, ಅಂದರೆ ಆವಿ ಹೊರಹೋಗಲು ಬಾಯ್ಲರಿನಿಂದ ಮೇಲಕ್ಕೆ ಬಿಡುವ ತೆರೆದ ಪೈಪು. ಇಡೀ ಜೋಡಣೆಯ ಜೀವ ಇರುವುದು ಇಲ್ಲಿ, ಕಂಜೂಸಿ ನಡೆಯುವುದೂ ಇಲ್ಲೇ. ಕರೆಂಟಿನ ಗೀಸರ್ ಬಿಸಿಯಾದರೆ ಥರ್ಮೋಸ್ಟಾಟ್ ತಾನೇ ಆಫ್ ಮಾಡುತ್ತದೆ. ಬೆಂಕಿಗೆ ಸ್ವಿಚ್ ಇಲ್ಲ. ಸ್ನಾನ ಮುಗಿಸಿ ನಲ್ಲಿ ಮುಚ್ಚಿದ ಮೇಲೂ ಕೆಂಡ ನಿಗಿನಿಗಿ ಎನ್ನುತ್ತಿರುತ್ತದೆ. ನೀರು ಕುದಿದು ಆವಿಯಾದರೆ ಒಂದು ಲೀಟರ್ ಜಾಗದ ನೀರಿಗೆ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ಅತ್ತ ಗೀಸರಿನ ಬಾಯಲ್ಲಿ ಹಿಂದಿರುಗದ ವಾಲ್ವ್, ಮುಂದೆ ಮುಚ್ಚಿದ ನಲ್ಲಿ. ಇತ್ತ ಬಿಸಿನೀರು ಟ್ಯಾಂಕಿಗೆ ವಾಪಸು ಹೋಗಬಾರದೆಂದು ಪ್ಲಂಬರ್ ತಣ್ಣೀರಿನ ಲೈನಿಗೂ ಅಂಥದೇ ಹಿಂದಿರುಗದ ವಾಲ್ವ್ (ಎನ್‌ಆರ್‌ವಿ) ಹಾಕಿದ್ದರೆ ಬಾಯ್ಲರ್ ಎಂಬುದು ಬಚ್ಚಲ ಹಿಂದೆ ಇಟ್ಟ ಬಾಂಬೇ ಸರಿ.

ಸರಿಯಾದ ಕ್ರಮ ಇದು. ಬಾಯ್ಲರಿನ ನೆತ್ತಿಯಿಂದ ಮುಕ್ಕಾಲು ಇಂಚಿಗೆ ಕಡಿಮೆಯಿಲ್ಲದ, ಸಾಧ್ಯವಿದ್ದರೆ ಒಂದಿಂಚಿನ ಲೋಹದ ಪೈಪು ನೇರ ಮೇಲಕ್ಕೆ ಹೋಗಬೇಕು. ಗೀಸರಿಗೆ ಹೋಗುವ ಲೈನನ್ನು ಈ ಪೈಪಿನಿಂದಲೇ ಮೂರು ಬಾಯಿಯ ಟೀ ಹಾಕಿ ತೆಗೆಯಬೇಕು. ಏರ್ ಪೈಪಿನಲ್ಲಿ ಎಲ್ಲೂ ವಾಲ್ವ್ ಇರಕೂಡದು, ತುದಿ ಆಕಾಶಕ್ಕೆ ತೆರೆದಿರಬೇಕು. ಎತ್ತರಕ್ಕೂ ಲೆಕ್ಕವಿದೆ: ಬಿಸಿನೀರು ತಣ್ಣೀರಿಗಿಂತ ಹಗುರ, ಹಾಗಾಗಿ 5 ಮೀಟರ್ ತಣ್ಣೀರಿನ ಕಂಬಕ್ಕೆ ಸಮನಾಗಲು 80 ಡಿಗ್ರಿಯ ನೀರು 5.13 ಮೀಟರಿನವರೆಗೆ ಏರಿ ನಿಲ್ಲುತ್ತದೆ. ಟ್ಯಾಂಕಿನ ತುಂಬುಮಟ್ಟಕ್ಕೆ ಸರಿಯಾಗಿ ಕತ್ತರಿಸಿದ ಏರ್ ಪೈಪಿನಿಂದ ಬಿಸಿನೀರು ದಿನವಿಡೀ ತಾರಸಿಗೆ ಸುರಿಯುವುದು ಇದಕ್ಕೇ. ತುಂಬುಮಟ್ಟದಿಂದ ಅರ್ಧ ಮೀಟರ್ ಮೇಲೆ ಬಿಡಿ. ತುದಿಯನ್ನು ಟ್ಯಾಂಕಿನೊಳಕ್ಕೆ ಬಗ್ಗಿಸಬೇಡಿ. ಪ್ಲಾಸ್ಟಿಕ್ ಟ್ಯಾಂಕು ಕುದಿನೀರಿಗೆ ಮೆತ್ತಗಾಗುತ್ತದೆ. ಜನ ಓಡಾಡದ ಕಡೆಗೆ ತಿರುಗಿಸಿ. ತಣ್ಣೀರಿನ ಲೈನಿಗೆ ಎನ್‌ಆರ್‌ವಿ ಬದಲು, ಬಾಯ್ಲರಿನ ತಳಕ್ಕೆ ಸೇರುವ ಮುನ್ನ ಒಂದಡಿ ಕೆಳಗಿಳಿದು ಮೇಲೇಳುವ ಯು ಬಾಗು ಕೊಟ್ಟರೆ ಬಿಸಿ ಹಿಂದಕ್ಕೆ ಏರುವುದಿಲ್ಲ, ದಾರಿಯೂ ಕಟ್ಟುವುದಿಲ್ಲ.

ಏರ್ ಪೈಪನ್ನು ಅಷ್ಟೆತ್ತರ ಒಯ್ಯಲಾಗದ ಮನೆಗಳಿಗೆ ಬಾಯ್ಲರಿನ ಪಕ್ಕ 50 ಲೀಟರಿನ ಫ್ಲೋಟ್ ಟ್ಯಾಂಕ್ (ತುಂಬಿದೊಡನೆ ತೇಲುಗುಂಡು ನೀರು ನಿಲ್ಲಿಸುವ ಸಣ್ಣ ಟ್ಯಾಂಕು) ಇಟ್ಟುಕೊಡುವ ಪದ್ಧತಿಯಿದೆ. ಬಕೆಟ್ ಸ್ನಾನಕ್ಕೆ ಅಡ್ಡಿಯಿಲ್ಲ. ಆದರೆ ಗೋಡೆಯ ಮೇಲೆ ಆರೇಳು ಅಡಿ ಎತ್ತರದಲ್ಲಿರುವ ಗೀಸರಿಗಿಂತ ಆ ಟ್ಯಾಂಕು ಮೇಲಿದ್ದರೆ ಮಾತ್ರ ನೀರು ಹರಿಯುತ್ತದೆ. ಇದನ್ನು ಮರೆತು ನೆಲದ ಮಟ್ಟದಲ್ಲಿ ಫ್ಲೋಟ್ ಟ್ಯಾಂಕ್ ಕೂರಿಸಿ, ಆಮೇಲೆ ಗೀಸರ್ ಸರಿಯಿಲ್ಲ ಎನ್ನುವವರು ಕಡಿಮೆಯಿಲ್ಲ.

ಪ್ರೆಷರ್ ಪಂಪ್ ಇರುವ ಮನೆಗೆ ಈ ನೇರ ಜೋಡಣೆ ಖಂಡಿತ ಆಗದು. ಪಂಪ್ ಶುರುವಾದೊಡನೆ ಏರ್ ಪೈಪಿನಿಂದ ಕಾರಂಜಿ. ಕಾರಂಜಿ ನಿಲ್ಲಿಸಲು ಪೈಪಿಗೆ ಮುಚ್ಚಳ ಹಾಕಿದರೆ ಮತ್ತೆ ಬಾಂಬಿನ ಕಥೆ. ಇಲ್ಲಿ ಬೇಕಾದದ್ದು ಕಾಯಿಲ್ ಇರುವ ಬಾಯ್ಲರ್: ಬಾಯ್ಲರಿನ ನೀರು ಒತ್ತಡವಿಲ್ಲದೆ ತೆರೆದ ಹಂಡೆಯಂತೆ ಇರುತ್ತದೆ, ಅದರೊಳಗೆ ಮುಳುಗಿದ ತಾಮ್ರದ ಸುರುಳಿಯ ಮೂಲಕ ಪಂಪಿನ ನೀರು ಹಾದು ಬಿಸಿಯಾಗಿ ಗೀಸರಿಗೆ ಹೋಗುತ್ತದೆ. ಸ್ನಾನದ ನೀರಿಗೂ ಬಾಯ್ಲರಿನ ನೀರಿಗೂ ಸಂಪರ್ಕವಿಲ್ಲ. ಸುರುಳಿಯ ಉದ್ದದಲ್ಲಿ ಮೋಸ ಹೋಗಬೇಡಿ. ಬಾಯ್ಲರ್ 65 ಡಿಗ್ರಿಯಲ್ಲಿದ್ದು, ನಿಮಿಷಕ್ಕೆ 6 ಲೀಟರಿನಂತೆ 22 ಡಿಗ್ರಿ ನೀರು 45ಕ್ಕೆ ಏರಬೇಕಾದರೆ 15 ಮಿ.ಮೀ. ತಾಮ್ರದ ಕೊಳವೆ 12ರಿಂದ 15 ಮೀಟರ್ ಬೇಕು. ಐದಾರು ಮೀಟರ್ ಸುತ್ತಿ ಕೊಟ್ಟದ್ದು ನೋಡಲು ಚಂದ, ನೀರು ಮಾತ್ರ ಬೆಚ್ಚಗೆ. ಬೆಲೆ ಹೆಚ್ಚಾದರೂ ನಮ್ಮ ಮಟ್ಟಿಗೆ ಮಹಡಿ ಮನೆಗಳಿಗೆ ಇದೇ ಸರಿಯಾದ ಆಯ್ಕೆ. ಇದರ ತೆರೆದ ಬಾಯಿಯಿಂದ ಆವಿ ಹೋಗುತ್ತಿರುವುದರಿಂದ ವಾರಕ್ಕೊಮ್ಮೆ ನೀರಿನ ಮಟ್ಟ ನೋಡಿ ತುಂಬಬೇಕು, ಅಷ್ಟೇ.

ಎರಡನೇ ತಕರಾರು ಗೀಸರಿನ ಕಡೆಯದು. "ಬಾಯ್ಲರ್ ಸೇರಿಸಿದ ಮೇಲೆ ಗೀಸರ್ ಆನ್ ಆಗುತ್ತಿಲ್ಲ" ಎಂಬ ದೂರಿಗೆ ಎಲೆಕ್ಟ್ರಿಷಿಯನ್ ಬಂದು ಥರ್ಮೋಸ್ಟಾಟ್ ಬದಲಿಸಿ ಹೋಗುತ್ತಾನೆ, ತಿಂಗಳಲ್ಲಿ ಮತ್ತೆ ಅದೇ ಗೋಳು. ಥರ್ಮೋಸ್ಟಾಟ್ ಕೆಟ್ಟಿರುವುದಿಲ್ಲ. ಮನೆಬಳಕೆಯ ಗೀಸರಿನ ಥರ್ಮೋಸ್ಟಾಟ್ ಸಾಮಾನ್ಯವಾಗಿ 75 ಡಿಗ್ರಿಯ ಒಳಗೆ ಕೆಲಸ ಮಾಡುವಂಥದ್ದು. ಅದಕ್ಕಿಂತ ಮೇಲೆ ಹೋದರೆ ಕಾಪಾಡಲು ಬೇರೆ ಕಟ್‌ಔಟ್ ಇರುತ್ತದೆ. ಬಾಯ್ಲರಿನಿಂದ 90 ಡಿಗ್ರಿಯ ನೀರು ನುಗ್ಗಿದರೆ ಕಟ್‌ಔಟ್ ತನ್ನ ಧರ್ಮದಂತೆ ಬೀಳುತ್ತದೆ. ಹಲವು ಮಾದರಿಗಳಲ್ಲಿ ಅದು ತಾನಾಗಿ ಏಳುವುದಿಲ್ಲ. ಮೇನ್ ಸ್ವಿಚ್ ಆರಿಸಿ, ತಣಿಯಲು ಬಿಟ್ಟು, ಕೆಳಗಿನ ಮುಚ್ಚಳ ತೆಗೆದು ಸಣ್ಣ ರೀಸೆಟ್ ಗುಂಡಿ ಒತ್ತಬೇಕು. ಜತೆಗೆ ಒಳಬಾಯಿಯ ಸೇಫ್ಟಿ ವಾಲ್ವಿನ ರಬ್ಬರ್ ತಣ್ಣೀರಿಗೆಂದು ಮಾಡಿದ್ದು, ಕುದಿನೀರಿಗೆ ಬೇಗ ಗಟ್ಟಿಯಾಗಿ ಸೋರತೊಡಗುತ್ತದೆ. ಪ್ಲಾಸ್ಟಿಕ್ ಮೈಯ ಸೇಫ್ಟಿ ವಾಲ್ವ್ ಬಂದಿದ್ದರೆ ಈ ಜೋಡಣೆಗೆ ಹಿತ್ತಾಳೆಯದಕ್ಕೆ ಬದಲಿಸಿ.

ಮದ್ದು ಒಂದೇ: ಗೀಸರಿಗೆ ಮುಂಚೆ ತಾನಾಗಿ ಹದ ಮಾಡುವ ಮಿಕ್ಸಿಂಗ್ ವಾಲ್ವ್. ಮೂರು ಬಾಯಿಯ ಹಿತ್ತಾಳೆ ವಾಲ್ವ್. ಒಂದಕ್ಕೆ ಬಾಯ್ಲರಿನ ಬಿಸಿ, ಇನ್ನೊಂದಕ್ಕೆ ತಣ್ಣೀರು, ಮೂರನೆಯದರಿಂದ 50-55 ಡಿಗ್ರಿಯ ನೀರು ಗೀಸರಿಗೆ. ತಣ್ಣೀರು ಬಾಯ್ಲರಿಗೆ ನೀರು ಕೊಡುವ ಅದೇ ಟ್ಯಾಂಕಿನಿಂದಲೇ ಬರಬೇಕು. ಒಂದು ಕಡೆ ಪಂಚಾಯ್ತಿ ನಲ್ಲಿಯ ಒತ್ತಡ, ಇನ್ನೊಂದು ಕಡೆ ಟ್ಯಾಂಕಿನ ಒತ್ತಡ ಕೊಟ್ಟರೆ ಜೋರಿರುವುದು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ. ಮಿಕ್ಸಿಂಗ್ ವಾಲ್ವಿನ ಎರಡೂ ಒಳಬಾಯಿಗೆ ಜಾಲರಿ, ಎನ್‌ಆರ್‌ವಿ ಇರಲಿ, ಬಾಯ್ಲರಿಗೆ ಹೋಗುವ ತಣ್ಣೀರಿನ ಲೈನಿಗೆ ಮಾತ್ರ ಬೇಡ. ಕೊಳ್ಳುವಾಗ ಕಡಿಮೆ ಒತ್ತಡಕ್ಕೆ ಆಗುವ ಮಾದರಿ ಎಂದೇ ಕೇಳಿ. ಪಂಪ್ ಲೈನಿಗೆಂದು ಮಾಡಿದ್ದನ್ನು ಟ್ಯಾಂಕಿನ ಐದು ಮೀಟರ್ ಎತ್ತರದ ನೀರಿಗೆ ಹಾಕಿದರೆ ನಲ್ಲಿಯಲ್ಲಿ ನೂಲಿನೆಳೆ. ಬಾಯ್ಲರ್ ತಣ್ಣಗಿದ್ದಾಗ ವಾಲ್ವ್ ತಣ್ಣೀರಿನ ಬಾಯಿ ಮುಚ್ಚಿ ಬಾಯ್ಲರಿನ ನೀರನ್ನಷ್ಟೇ ಬಿಡುತ್ತದೆ, ಬೆಚ್ಚಗಿನ ಶಾಖವೂ ವ್ಯರ್ಥವಾಗದು. ಎರಡು ಬಾಲ್ ವಾಲ್ವ್ ಹಾಕಿ ಕೈಯಿಂದ ಹದ ಮಾಡುವ ಅಗ್ಗದ ಉಪಾಯ ಮೊದಲ ವಾರ ನಡೆಯುತ್ತದೆ. ಆಮೇಲೆ ಯಾರೂ ಮುಟ್ಟುವುದಿಲ್ಲ.

ಗೀಸರಿನ ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆ ಎಂದು ಅದನ್ನು ಕಿತ್ತುಹಾಕಿ ಪ್ಲೇನ್ ನಿಪ್ಪಲ್ (ಬರೀ ಪೈಪಿನ ತುಂಡು) ಹಾಕುವವರಿದ್ದಾರೆ. ಹನಿ ಬೀಳಬೇಕಾದದ್ದೇ. 15 ಲೀಟರ್ ನೀರು 25ರಿಂದ 65 ಡಿಗ್ರಿಗೆ ಏರಿದಾಗ ಕಾಲು ಲೀಟರಿನಷ್ಟು ಹಿಗ್ಗುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲದ್ದರಿಂದ ಅದು ವಾಲ್ವಿನ ಬಾಯಿಂದ ಹೊರಬರುತ್ತದೆ. ಬಿಸಿನೀರು ಕೊಟ್ಟ ಗೀಸರಿನಲ್ಲಿ ಈ ಹನಿ ಅರ್ಧಕ್ಕೂ ಇಳಿಯುತ್ತದೆ. ಸಣ್ಣ ಟ್ಯೂಬ್ ಹಾಕಿ ಮೋರಿಗೆ ಬಿಟ್ಟರೆ ಮುಗಿಯಿತು.

ಪೈಪಿನ ವಿಷಯದಲ್ಲಿ ತಣ್ಣೀರಿಗೆ ಬಳಸುವ ಯುಪಿವಿಸಿ ಪ್ಲಾಸ್ಟಿಕ್ಕಿನ ಹೆಸರೇ ಬೇಡ, 60 ಡಿಗ್ರಿ ದಾಟಿದರೆ ಸೊರಗಿ ಜೋಲುತ್ತದೆ. ಬಿಸಿನೀರಿಗೆಂದೇ ಮಾಡಿದ ಸಿಪಿವಿಸಿ ಪ್ಲಾಸ್ಟಿಕ್ ಸರಿ, ಆದರೆ ಬಾಯ್ಲರಿನ ಬಾಯಿಂದ ಮೊದಲ ಒಂದೂವರೆ ಮೀಟರ್ ಲೋಹವೇ ಇರಲಿ, ಅಲ್ಲಿ ಕುದಿನೀರೇ ಬರುವುದುಂಟು. ಸಿಪಿವಿಸಿ 10 ಮೀಟರ್ ಉದ್ದಕ್ಕೆ 50 ಡಿಗ್ರಿ ಏರಿದರೆ ಸುಮಾರು 3 ಸೆಂ.ಮೀ. ಹಿಗ್ಗುತ್ತದೆ. ಎರಡೂ ತುದಿ ಗೋಡೆಯೊಳಗೆ ಬಿಗಿದು ಸಿಮೆಂಟ್ ಮೆತ್ತಿದರೆ ಎಲ್ಬೋ ಬಿರುಕುಬಿಡುತ್ತದೆ. ನಡುವೆ ಅಡ್ಡಕ್ಕೆ ಒಂದು ಬಾಗು ಕೊಟ್ಟು, ಮೂರಡಿಗೊಂದು ಕ್ಲಾಂಪ್ ಸಡಿಲವಾಗಿ ಹಾಕಿ. ಎಲ್ಲೂ ಏರಿ ಇಳಿಯುವ ಗೂನು ಬೇಡ, ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ.

ಬಾಯ್ಲರಿನಿಂದ ಗೀಸರಿಗೆ ಇರುವ ದೂರ ಎಷ್ಟು ಎಂಬುದೇ ಗೀಸರಿನ ಅಳತೆಯನ್ನು ನಿರ್ಧರಿಸುತ್ತದೆ. ಮುಕ್ಕಾಲು ಇಂಚಿನ ಸಿಪಿವಿಸಿ ಮೀಟರಿಗೆ ಕಾಲು ಲೀಟರ್ ಹಿಡಿಯುತ್ತದೆ. 12 ಮೀಟರ್ ಲೈನಿನಲ್ಲಿ 3 ಲೀಟರ್ ನೀರು ಪ್ರತಿ ಸಲ ತಣಿದು ಕೂತಿರುತ್ತದೆ. ಅದು 60 ಡಿಗ್ರಿಯ 15 ಲೀಟರ್ ಗೀಸರಿಗೆ ನುಗ್ಗಿದರೆ ಒಳಗಿನ ನೀರು 53ಕ್ಕೆ ಇಳಿಯುತ್ತದೆ, ಮೈಗೆ ಗೊತ್ತೇ ಆಗದು. 6 ಲೀಟರಿನ ಗೀಸರ್ ಆದರೆ 42ಕ್ಕೆ ಕುಸಿಯುತ್ತದೆ. 25 ಲೀಟರಿನದು ದಂಡ. ಬಾಯ್ಲರೇ ದೊಡ್ಡ ಟ್ಯಾಂಕಾಗಿರುವಾಗ ಇನ್ನೊಂದು ಯಾಕೆ? 3 ಲೀಟರಿನ ಇನ್‌ಸ್ಟಂಟ್ ಗೀಸರಂತೂ ಬೇಡವೇ ಬೇಡ. ಹಲವುದರಲ್ಲಿ ತಾಪ ಹೊಂದಿಸುವ ಗುಂಡಿಯೇ ಇರುವುದಿಲ್ಲ. ಲೈನಿಗೆ 9ರಿಂದ 13 ಮಿ.ಮೀ. ದಪ್ಪದ ಕಪ್ಪು ನೈಟ್ರೈಲ್ ರಬ್ಬರ್ ತೋಳು ಹಾಕಿ, ಬಿಸಿಲಿಗೆ ಬೀಳುವ ಕಡೆ ಅಲ್ಯೂಮಿನಿಯಂ ಟೇಪ್ ಸುತ್ತಿ. ಇನ್ನೊಂದು ಮಾತು: ಶವರ್ ಬಿಟ್ಟಾಗ ನಿಮಿಷಕ್ಕೆ 6 ಲೀಟರ್ ಹರಿದರೆ 2 ಕಿಲೋವ್ಯಾಟಿನ ಕಾಯಿಲ್ ಆ ಹರಿವಿಗೆ ಸೇರಿಸುವುದು ಐದು ಡಿಗ್ರಿ ಕೂಡ ಅಲ್ಲ. ಬಾಯ್ಲರ್ ತಣ್ಣಗಾಗಿದ್ದರೆ ಗೀಸರ್ ಬರೀ ತನ್ನ 15 ಲೀಟರಿನಷ್ಟೇ ಆಸರೆ. ಗೀಸರಿಗೆ ಐಎಸ್ 2082ರ ಐಎಸ್‌ಐ ಗುರುತು ಇದೆಯೇ ನೋಡಿ.

ತಾಮ್ರವೋ ಸ್ಟೀಲೋ? ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು, ಸ್ವಲ್ಪ ಹುಳಿ. ಅದು ತಾಮ್ರವನ್ನು ನಿಧಾನಕ್ಕೆ ಕರಗಿಸುತ್ತದೆ, ಬಚ್ಚಲ ಕಲ್ಲಿನ ಮೇಲಿನ ನೀಲಿ ಹಸಿರು ಕಲೆ ಅದರದೇ. ಕರಗಿದ ತಾಮ್ರ ಮುಂದಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಕೂತು ಸತುವನ್ನು ತಿಂದು ತೂತು ಮಾಡುತ್ತದೆ. ತಾಮ್ರದ ಬಾಯ್ಲರ್ ಮನೆಯಲ್ಲಿದ್ದರೆ ಅದರ ಮುಂದೆ ಜಿಐ ಹಾಕಬೇಡಿ, ಗ್ಲಾಸ್‌ಲೈನ್ (ಒಳಗೆ ಗಾಜಿನ ಲೇಪವಿರುವ) ಟ್ಯಾಂಕಿನ ಗೀಸರಾದರೆ ತುಕ್ಕು ತಡೆಯುವ ಮೆಗ್ನೀಸಿಯಂ ಕಂಬಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಹೊಸದಾಗಿ ಮಾಡಿಸುವವರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಒಳ್ಳೆಯದು. ಕರಾವಳಿಯ ಉಪ್ಪಿನಂಶದ ನೀರಿಗೆ ಮಾತ್ರ 316 ಬೇಕು. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಗಟ್ಟಿ ಸುಣ್ಣ ಕಟ್ಟುವುದು ಸಮಸ್ಯೆ. ಅಲ್ಲಿ ಈ ಜೋಡಣೆಗೆ ಒಂದು ಅನಿರೀಕ್ಷಿತ ಲಾಭವಿದೆ: ಸುಣ್ಣದ ಬಹುಪಾಲು ಬಾಯ್ಲರಿನಲ್ಲೇ ಇಳಿದು ಗೀಸರಿನ ಕಾಯಿಲ್ ಹೆಚ್ಚು ಬಾಳುತ್ತದೆ.

ಎಲೆಕ್ಟ್ರಿಕಲ್ ಕೆಲಸದಲ್ಲಿ ಒಂದು ಅಂಶ ಯಾರೂ ಹೇಳುವುದಿಲ್ಲ. ಲೋಹದ ಪೈಪಿನಿಂದಲೇ ಪೂರ್ತಿ ಜೋಡಿಸಿದರೆ ಗೀಸರಿನ ಕಾಯಿಲ್ ಸೋರಿದ ದಿನ ಕರೆಂಟ್ ಬಾಯ್ಲರಿನ ಮೈಗೂ ಬರುತ್ತದೆ, ಅಲ್ಲಿ ಬರಿಗಾಲಿನಲ್ಲಿ ಸೌದೆ ಹಾಕುವವರಿರುತ್ತಾರೆ. ಬಾಯ್ಲರಿನ ಮೈಯನ್ನು ಅರ್ಥಿಂಗಿಗೆ ಸೇರಿಸಿ, ಗೀಸರ್ ಲೈನಿಗೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. 16 ಆಂಪಿನ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವೈರು.

ಬಳಕೆಯಲ್ಲಿ ಥರ್ಮೋಸ್ಟಾಟನ್ನು 60ಕ್ಕೆ ಇಡಿ. ಕರೆಂಟ್ ಉಳಿಸಲೆಂದು 40ಕ್ಕೆ ಇಡುವುದು ತಪ್ಪು. ಬಾಯ್ಲರಿನಲ್ಲಿ ರಾತ್ರಿಯಿಡೀ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ, 60ಕ್ಕೆ ಏರಿಸಿ ತಣ್ಣೀರು ಬೆರೆಸಿ ಮೀಯುವುದು ಕ್ಷೇಮ. ಒಲೆ ಹೊತ್ತಿಸುವ ಮುಂಚೆ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡುವುದನ್ನು ರೂಢಿ ಮಾಡಿ. ಕರೆಂಟ್ ಹೋಗಿ ಟ್ಯಾಂಕ್ ಖಾಲಿಯಾದಾಗ ಬರೀ ಬಾಯ್ಲರಿಗೆ ಬೆಂಕಿ ಬಿದ್ದರೆ ತಾಮ್ರದ ಬೆಸುಗೆ ಕರಗುತ್ತದೆ, ಕೆಂಪಗೆ ಕಾದದ್ದಕ್ಕೆ ಗಾಬರಿಯಲ್ಲಿ ನೀರು ಬಿಟ್ಟರೆ ಆವಿ ಮುಖಕ್ಕೆ ನುಗ್ಗುತ್ತದೆ. ಬೆಂಕಿ ಎಳೆದು ಹಾಕಿ, ತಾನಾಗಿ ತಣಿಯಲಿ. ಒಲೆ ಬಚ್ಚಲೊಳಗೆ ಇರುವುದು ಬೇಡ, ಬಾಗಿಲು ಹಾಕಿದ ಕೋಣೆಯಲ್ಲಿ ಹೊಗೆಗಿಂತ ಕಣ್ಣಿಗೆ ಕಾಣದ ಕಾರ್ಬನ್ ಮೊನಾಕ್ಸೈಡ್ ಅಪಾಯಕಾರಿ.

ವರ್ಷದ ಸರ್ವಿಸಿಗೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕಿಂತ ಒಳ್ಳೆಯ ದಿನ ಬೇಡ. ಹೇಗೂ ಹಂಡೆ ತಿಕ್ಕುವ ದಿನ. ಹೊಗೆ ಕೊಳವೆಯ ಮಸಿಯನ್ನು ಕಂಬಿ ಬ್ರಷ್ಷಿನಿಂದ ತೆಗೆಯಿರಿ. ಒದ್ದೆ ಸೌದೆ ಉರಿಸುವ ಮಳೆಗಾಲದಲ್ಲಿ ಇದನ್ನು ತಿಂಗಳಿಗೊಮ್ಮೆ ಮಾಡಬೇಕು. ಸುಣ್ಣ ಕಟ್ಟಿದ್ದರೆ ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಕೆಲವು ಗಂಟೆ ಬಿಟ್ಟು ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಸ್ಟೀಲಿಗೆ ಹಾಕಿದರೆ ಸೂಜಿ ತೂತು ಬೀಳುತ್ತದೆ.

ಕೆಲಸ ಮುಗಿಸಿದ ಪ್ಲಂಬರಿಗೆ ಬಾಕಿ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿಸಿ. ಮನೆಯ ಎಲ್ಲ ನಲ್ಲಿ ಮುಚ್ಚಿ, ಗೀಸರ್ ಸ್ವಿಚ್ ಆರಿಸಿ, ಬಾಯ್ಲರಿಗೆ ಗರಟೆ ತುಂಬಿ ನೀರು ಕುದಿಯುವವರೆಗೆ ಉರಿಸಲಿ. ಅಷ್ಟು ಹೊತ್ತು ಎಲ್ಲರೂ ಒಲೆಯಿಂದ ದೂರ, ಕಣ್ಣು ತಾರಸಿಯ ಕಡೆ ಇರಲಿ. ಏರ್ ಪೈಪಿನ ತುದಿಯಲ್ಲಿ ಆವಿ ಕಂಡರೆ ಹಣ ಎಣಿಸಿ. ಬಾಯ್ಲರಿನ ಮೈ ಗುಡುಗುಟ್ಟಿದರೆ, ಅಥವಾ ಎಲ್ಲಾದರೂ ಜಾಯಿಂಟಿನಿಂದ ನೀರು ಚಿಮ್ಮಿದರೆ ಬೆಂಕಿ ಎಳೆಸಿ, ತಣಿದ ಮೇಲೆ ಲೈನ್ ಬಿಚ್ಚಿಸಿ.